ಶ್ರೀರಂಗಪಟ್ಟಣ ಸೀಮೆಯ ವಲಸೆ ಮನೆತನಗಳು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಬೇರೆ ಬೇರೆ ಕಾಲದಲ್ಲಿ ಹೊರಗಿನಿಂದ ಬಂದು ನೆಲೆಸಿದ ಮತ್ತು ಇಲ್ಲಿಂದ ಹೊರಟುಹೋದ ಮನೆತನಗಳ ಚರಿತ್ರೆ, ಆ ಚರಿತ್ರೆಯನ್ನು ಹುಡುಕುವ ದಾರಿಗಳು ಈ ಲೇಖನದ ವಿಷಯ. ಕಾವೇರಿ, ಹೇಮಾವತಿ, ಲೋಕಪಾವನಿ ನದಿಗಳ ನಡುವಿನ ಈ ಸೀಮೆಯನ್ನು ಹೊರಗಿನವರು ಅಚ್ಚ ಒಕ್ಕಲುತನದ ನಾಡೆಂದೇ ತಿಳಿದಿದ್ದಾರೆ. ಆದರೆ ತಮಿಳುನಾಡಿನ ಶ್ರೀವೈಷ್ಣವರು, ಸಿರಾದ ಕುಟುಂಬಗಳವರು, ಫ್ರೆಂಚ್ ಸಿಪಾಯಿಗಳು, ಸ್ವಿಟ್ಜರ್ಲೆಂಡ್ ಮತ್ತು ಜರ್ಮನ್ ನಾಡುಗಳಿಂದ ಬಂದ ಬಾಡಿಗೆ ಸೈನಿಕರು, ಅಣೆಕಟ್ಟೆ ಕಟ್ಟಲು ಬಂದ ಕೂಲಿಗಳು, ಅದೇ ಅಣೆಕಟ್ಟೆಯಿಂದ ಊರು ಬಿಟ್ಟ ರೈತರು, ಎಲ್ಲರೂ ಇಲ್ಲಿನ ಮಣ್ಣಿನಲ್ಲಿ ಬೆರೆತಿದ್ದಾರೆ. ಇವರಲ್ಲಿ ಯಾರ ವಂಶದ ಸುಳಿವು ಸುಲಭವಾಗಿ ಸಿಗುತ್ತದೆ, ಯಾರದು ಸಿಗುವುದಿಲ್ಲ ಎಂಬುದು ಅವರ ಸಂಖ್ಯೆಯನ್ನು ಅವಲಂಬಿಸಿಲ್ಲ. ಅಂದು ಬರೆದಿಡುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಅವಲಂಬಿಸಿದೆ.

ಹುಡುಕಾಟಕ್ಕೆ ಮೊದಲು ಊರಿನ ಹಳೆಯ ಹೆಸರುಗಳು ಗೊತ್ತಿರಬೇಕು. ಇಂದಿನ ಪಾಂಡವಪುರ ಮೊದಲು ಹಿರೋಡೆ, ಆಮೇಲೆ ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಹಳೆಯ ಕಾಗದಗಳಲ್ಲಿ ಅತ್ತಿಕುಪ್ಪೆ. ಕೆರೆತೊಣ್ಣೂರು ಶಾಸನಗಳಲ್ಲಿ ಯಾದವಪುರ ಎನಿಸಿದೆ. ಶ್ರೀರಂಗಪಟ್ಟಣದ ಸುತ್ತಲಿನ ಹಳ್ಳಿಗಳು ಹತ್ತೊಂಬತ್ತನೇ ಶತಮಾನದ ಸರ್ಕಾರಿ ಬರವಣಿಗೆಯಲ್ಲಿ ಪಟ್ಟಣ ಅಷ್ಟಗ್ರಾಮಕ್ಕೆ ಸೇರಿದ್ದವು. ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1939ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಸರ್ಕಾರಿ ದಾಖಲೆಗಳನ್ನು ಹೆಚ್ಚಾಗಿ ಮೈಸೂರು ಜಿಲ್ಲೆಯ ಕಡತಗಳಲ್ಲಿ ನೋಡಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶ್ರೀರಂಗಪಟ್ಟಣದ ಶಾಸನಗಳು 3ನೇ ಸಂಪುಟದಲ್ಲೂ ನಾಗಮಂಗಲ, ಕೃಷ್ಣರಾಜಪೇಟೆಯವು 4ನೇ ಸಂಪುಟದಲ್ಲೂ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು 6ನೇ ಸಂಪುಟಕ್ಕೂ ನಾಗಮಂಗಲ 7ನೇ ಸಂಪುಟಕ್ಕೂ ಸೇರಿವೆ.

ತೊಣ್ಣೂರು, ಮೇಲುಕೋಟೆ, ಮಂಡ್ಯಂ

ದಾಖಲೆಯುಳ್ಳ ದೊಡ್ಡ ವಲಸೆಗಳಲ್ಲಿ ಹಳೆಯದು ಶ್ರೀವೈಷ್ಣವರದು. ಹನ್ನೆರಡನೇ ಶತಮಾನದ ಆರಂಭದಲ್ಲಿ ರಾಮಾನುಜಾಚಾರ್ಯರು ಚೋಳನಾಡನ್ನು ಬಿಟ್ಟು ಹೊಯ್ಸಳ ಸೀಮೆಗೆ ಬಂದರು. ತೊಣ್ಣೂರು ಮತ್ತು ಮೇಲುಕೋಟೆಗಳು ಅವರ ನೆಲೆಗಳಾದವು. ಅವರ ಜೊತೆಗೂ ಅವರ ನಂತರವೂ ತಮಿಳು ಮಾತನಾಡುವ ಕುಟುಂಬಗಳು ಬಂದವು. ತೊಣ್ಣೂರಿನ ಗುಡಿಗಳಲ್ಲಿ ತಮಿಳು ಶಾಸನಗಳು ಹೇರಳವಾಗಿರುವುದು ಇದಕ್ಕೆ ಕಲ್ಲಿನ ಸಾಕ್ಷಿ. ದಾನ ಕೊಟ್ಟವರ ಹೆಸರಿನ ಜೊತೆಗೆ ಊರು, ಮನೆತನ, ತಂದೆಯ ಹೆಸರುಗಳೂ ಇಂಥ ಶಾಸನಗಳಲ್ಲಿ ಬರುವುದರಿಂದ ವಂಶ ಹುಡುಕುವವರಿಗೆ ಇವು ಮೊದಲ ಮೆಟ್ಟಿಲು. ಮೇಲುಕೋಟೆಯ ದೇವಸ್ಥಾನದಲ್ಲಿ ಕೈಂಕರ್ಯದ ಹಕ್ಕು ಮನೆಯಿಂದ ಮನೆಗೆ ಬಂದಿದೆ. ಯಾರು ಯಾವ ಸೇವೆ ಮಾಡಬೇಕು, ಯಾರಿಗೆ ಯಾವ ಮರ್ಯಾದೆ ಸಲ್ಲಬೇಕು ಎಂಬ ಕ್ರಮವೇ ಒಂದು ವಂಶಾವಳಿ. ರಾಮಾನುಜರಿಂದ ತಿರುಕ್ಕುಲತ್ತಾರ್ ಎಂಬ ಹೆಸರು ಪಡೆದ ದಲಿತ ಕುಟುಂಬಗಳಿಗೂ ಈ ದೇವಸ್ಥಾನದಲ್ಲಿ ಪರಂಪರೆಯ ಹಕ್ಕಿದೆ. ಅವರ ಮನೆತನಗಳ ಚರಿತ್ರೆ ಬ್ರಾಹ್ಮಣ ಮನೆತನಗಳಷ್ಟು ವಿವರವಾಗಿ ಅಚ್ಚಾಗಿಲ್ಲದಿರುವುದು ಇತಿಹಾಸ ಬರೆಯುವವರು ತುಂಬಬೇಕಾದ ಕೊರತೆ.

ಮಂಡ್ಯಂ ಐಯಂಗಾರರ ನೆನಪಿನಲ್ಲಿ ಎರಡು ಮಂಡ್ಯಗಳಿವೆ. ತಿರುಪತಿಯ ಕಡೆಯ ಮಂಡ್ಯಂ ಎಂಬ ಊರಿನಿಂದ ಬಂದ ಗೋವಿಂದರಾಜರಿಗೆ ಹದಿನಾರನೇ ಶತಮಾನದ ಆದಿಭಾಗದಲ್ಲಿ ವಿಜಯನಗರದ ಕೃಷ್ಣದೇವರಾಯ ಅಗ್ರಹಾರವೊಂದನ್ನು ಕೊಟ್ಟನೆಂದೂ ಬಿಟ್ಟುಬಂದ ಊರಿನ ಹೆಸರನ್ನೇ ಅದಕ್ಕೆ ಇಟ್ಟರೆಂದೂ ಆ ಸಮುದಾಯದವರು ಹೇಳುತ್ತಾರೆ. ಮುಂದೆ ಮೈಸೂರು, ಬೆಂಗಳೂರು, ಮದರಾಸುಗಳಿಗೆ ಹೋದವರೂ ಹೆಸರಿನ ಮೊದಲಕ್ಷರವಾಗಿ ಆ ಊರನ್ನು ಹೊತ್ತುಕೊಂಡೇ ಹೋದರು. ಮದರಾಸಿನಲ್ಲಿ ವಿವೇಕಾನಂದರ ನೆಚ್ಚಿನ ಶಿಷ್ಯರಾಗಿದ್ದ ಎಂ.ಸಿ. ಅಳಸಿಂಗ ಪೆರುಮಾಳರ ಹೆಸರಿನಲ್ಲಿ ಇರುವುದು ಅದೇ ಮಂಡ್ಯಂ. ಪ್ಯಾರಿಸ್, ಬರ್ಲಿನ್‌ಗಳಲ್ಲಿ ಸ್ವಾತಂತ್ರ್ಯದ ಕೆಲಸ ಮಾಡಿ 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತೀಯ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಎಂ.ಪಿ.ಟಿ. ಆಚಾರ್ಯರ ಹೆಸರಿನಲ್ಲಿಯೂ ಅದೇ ಇದೆ.

ಹೆಸರಿನ ಮೊದಲಕ್ಷರ ಈ ಸೀಮೆಯ ವಂಶಶೋಧನೆಗೆ ದೊಡ್ಡ ಕೀಲಿಕೈ. ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ, ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆ ತಾಲ್ಲೂಕಿನವು. ಬಿ.ಎಂ. ಶ್ರೀಕಂಠಯ್ಯನವರ ಬೆಳ್ಳೂರು ನಾಗಮಂಗಲದ್ದು. ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಹೆಸರು ಮಾತ್ರ ಮನೆತನದ ಊರನ್ನು ಬಿಟ್ಟುಕೊಡಲಿಲ್ಲ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಪು.ತಿ. ನರಸಿಂಹಾಚಾರ್ಯರ ಮೊದಲಕ್ಷರ ಊರನ್ನಲ್ಲ, ಮೇಲುಕೋಟೆಯ ಪುರೋಹಿತ ಮನೆತನವನ್ನು ಹೇಳುತ್ತದೆ. ಮೂರು ತಲೆಮಾರಿನ ಹಿಂದೆ ಊರು ಬಿಟ್ಟವರ ಮೊಮ್ಮಕ್ಕಳಿಗೆ ಎಷ್ಟೋ ಸಲ ಉಳಿದಿರುವ ಒಂದೇ ಸುಳಿವು ಈ ಅಕ್ಷರ. ಇಂದು ಪಾಸ್‌ಪೋರ್ಟಿನ ಅನುಕೂಲಕ್ಕೆಂದು ಅದನ್ನು ಕೈಬಿಡುವವರು, ಕೊನೆಯಪಕ್ಷ ಮನೆಯ ಪುಸ್ತಕದಲ್ಲಾದರೂ ಅದರ ವಿಸ್ತಾರವನ್ನು ಬರೆದಿಟ್ಟರೆ ಒಳಿತು.

ಆಚರಣೆಯೂ ದಾಖಲೆಯೇ. ಭಾರದ್ವಾಜ ಗೋತ್ರದ ಹಲವು ಮಂಡ್ಯಂ ಮನೆಗಳಲ್ಲಿ ನರಕಚತುರ್ದಶಿಯ ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಹಿರಿಯರ ಹತ್ಯೆಯಾಯಿತೆಂಬುದು ಅವರ ಕುಟುಂಬಗಳ ನೆನಪು. ಘಟನೆಯ ವರ್ಷ, ಸತ್ತವರ ಸಂಖ್ಯೆ, ಕಾರಣಗಳ ಬಗ್ಗೆ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಆದರೆ ವಂಶಶೋಧನೆಯ ಮಟ್ಟಿಗೆ, ಹಬ್ಬ ಮಾಡದ ಮನೆಗಳೆಲ್ಲ ಒಂದು ಬಳಗದವು ಎಂಬ ತಿಳಿವಳಿಕೆ ಬೆಲೆಯುಳ್ಳದ್ದು.

ಗಂಜಾಂ: ಹೆಸರಿಲ್ಲದ ಹನ್ನೆರಡು ಸಾವಿರ

1610ರಲ್ಲಿ ರಾಜ ಒಡೆಯರ ವಶವಾದಾಗಿನಿಂದ 1799ರ ಮೇ 4ರವರೆಗೆ ಶ್ರೀರಂಗಪಟ್ಟಣ ಮೈಸೂರಿನ ರಾಜಧಾನಿ. ರಾಜಧಾನಿ ಇದ್ದಲ್ಲಿಗೆ ಜನ ಬಂದೇ ಬರುತ್ತಾರೆ, ಬಾರದಿದ್ದರೆ ತರಿಸುತ್ತಾರೆ. ಪಟ್ಟಣವಿರುವ ಕಾವೇರಿಯ ದ್ವೀಪದ ಪೂರ್ವಭಾಗದ ಶಹರ್ ಗಂಜಾಮನ್ನು ತುಂಬಲು ಟಿಪ್ಪು ಸಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಷ್ಟು ಮಂದಿಯಲ್ಲಿ ಒಬ್ಬರ ಹೆಸರನ್ನೂ ಗೆಜೆಟಿಯರ್ ಕೊಡುವುದಿಲ್ಲ. ಸಿರಾದಿಂದ ಕಾವೇರಿಯವರೆಗೆ ಮಕ್ಕಳುಮರಿ ಕಟ್ಟಿಕೊಂಡು ನಡೆದವರು ಯಾವ ಕಸುಬಿನವರು, ಯಾರ ಮನೆಯವರು ಎಂದು ತಿಳಿಯಲು ಗಂಜಾಮಿನ ಹಳೆಯ ಮನೆಗಳ ಬಾಯಿಮಾತು, ಮನೆದೇವರು, ಸಿರಾ ಕಡೆ ಉಳಿದ ನಂಟಸ್ತಿಕೆಗಳನ್ನೇ ಹಿಡಿದು ಹೋಗಬೇಕು. ಮುಂದೆ ವಿವರಿಸುವ ಯುರೋಪಿಯನ್ ಸಮಾಧಿಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಮೌನ ಮನಸ್ಸನ್ನು ಕಲಕುತ್ತದೆ.

ಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ ಜನ ಚದುರಿದ ವೇಗ ಇನ್ನೂ ಹೆಚ್ಚು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದು ಒಂದು ಅಂದಾಜು. 1800ರ ವೇಳೆಗೆ ಉಳಿದವರು ಸುಮಾರು 32,000. ಸುಲ್ತಾನನ ಮಕ್ಕಳನ್ನು ವೆಲ್ಲೂರಿಗೆ ಒಯ್ದರು. 1806ರ ವೆಲ್ಲೂರು ದಂಗೆಯ ನಂತರ ಅವರು ಕಲ್ಕತ್ತೆಗೆ ಹೋದರು. ಅರಮನೆಯ ಆಶ್ರಯದಲ್ಲಿದ್ದ ಎಷ್ಟೋ ಮನೆಗಳು ಮೈಸೂರು, ಬೆಂಗಳೂರುಗಳ ಹಾದಿ ಹಿಡಿದವು. ದ್ವೀಪ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸ್ವತ್ತಾಗಿ, ವರ್ಷಕ್ಕೆ 50,000 ರೂಪಾಯಿಗೆ ಮೈಸೂರಿಗೆ ಗುತ್ತಿಗೆಯಾಯಿತು.

ಪಟ್ಟಣದಿಂದ ರೆಡ್ ರಿವರ್‌ವರೆಗೆ

ಹೈದರ್, ಟಿಪ್ಪು ಇಬ್ಬರ ಸೇನೆಯಲ್ಲೂ ಫ್ರೆಂಚರಿದ್ದರು. ಅವರು ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳ ತಾಣಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ನಿಂತಿತು. ಬೆಂಗಳೂರು–ಮೈಸೂರು ರೈಲು ಬಂದಾಗ ನಿಲ್ದಾಣಕ್ಕೂ ಅದೇ ಹೆಸರು. ಈ ಫ್ರೆಂಚರ ವಂಶಗಳ ಜಾಡು ಊರಿನಲ್ಲಿ ಹೆಚ್ಚು ಉಳಿದಿಲ್ಲ.

ಉಳಿದಿರುವುದು ಅವರ ಎದುರಾಳಿಗಳ ಪರವಾಗಿ ಬಂದ ಸ್ವಿಸ್ ದಂಡಿನದು. ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ರೆಜಿಮೆಂಟ್ ಕಟ್ಟಿದ. ಅವನ ಊರು ನ್ಯೂಶಾಟೆಲ್. ಆಗ ಅದು ಪ್ರಷ್ಯದ ದೊರೆಯ ಆಳ್ವಿಕೆಗೆ ಸೇರಿತ್ತು. ದಂಡಿನಲ್ಲಿ ಸ್ವಿಸ್ಸರ ಜೊತೆಗೆ ಜರ್ಮನ್ ನಾಡುಗಳವರೂ ಇದ್ದರು. ಅದು ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ, ಆಮೇಲೆ ಸಿಂಹಳದಲ್ಲಿ ಕಾವಲಿತ್ತು. 1795ರಲ್ಲಿ ಒಪ್ಪಂದವೊಂದರಿಂದ ಇಡೀ ರೆಜಿಮೆಂಟು ಬ್ರಿಟಿಷರ ಸೇವೆಗೆ ಬದಲಾಯಿತು. 1799ರ ಮುತ್ತಿಗೆಯಲ್ಲಿ ಹೋರಾಡಿ, ಬಳಿಕ ಪಟ್ಟಣದ ಕಾವಲಿಗೆ ನಿಂತಿತು. ಕದನಕ್ಕಿಂತ ಕಾವೇರಿ ದಡದ ಜ್ವರ ಹೆಚ್ಚು ಜನರನ್ನು ಕೊಂದಿತು. ಆ ಜ್ವರಕ್ಕೆ ಹೆದರಿಯೇ ಬ್ರಿಟಿಷರು 1809ರಿಂದ ದಂಡನ್ನು ಬೆಂಗಳೂರಿಗೆ ಸಾಗಿಸತೊಡಗಿದರು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು ಹೀಗೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲೇ, ಕಾವೇರಿಗೆ ಹತ್ತಿರದಲ್ಲಿ, ಗ್ಯಾರಿಸನ್ ಸಿಮೆಟ್ರಿ ಇದೆ. ಸುಮಾರು ಮುನ್ನೂರು ಗೋರಿಗಳು. ಇಟ್ಟಿಗೆ, ಗಾರೆಯಿಂದ ಕಟ್ಟಿದ ಚೌಕ ಪೀಠಗಳು, ಕೆಲವಕ್ಕೆ ಮೊನಚು ಗೋಪುರ. ಫಲಕ ಉಳಿದ ಕಡೆ ಹೆಸರು, ಹುದ್ದೆ, ದಂಡು, ಸತ್ತ ದಿನ ಓದಬಹುದು. ಸಿಪಾಯಿಗಳ ಜೊತೆಗೆ ಅವರ ಹೆಂಡಿರು, ಮಕ್ಕಳೂ ಇಲ್ಲಿದ್ದಾರೆ. ಹೆಸರಿಲ್ಲದ ಗೋರಿಗಳೂ ಬಹಳ. ಕಾಡು ಬೆಳೆದು ಹಾಳಾಗಿದ್ದ ಈ ಜಾಗ ಈ ಶತಮಾನದ ಮೊದಲ ದಶಕದಲ್ಲಿ ಜೀರ್ಣೋದ್ಧಾರವಾಯಿತು. ಅದಕ್ಕೆ ನೆರವಾದವರು ಸ್ವಿಟ್ಜರ್ಲೆಂಡ್‌ನ ಡಿ ಮ್ಯೂರಾನ್ ವಂಶಸ್ಥರು. ಅದೇ ಮನೆತನದ ಗಿ ಡಿ ಮ್ಯೂರಾನ್ ರೆಜಿಮೆಂಟಿನ ಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆದು 1982ರಲ್ಲಿ ಪ್ರಕಟಿಸಿದ್ದಾರೆ. ಇನ್ನೂರು ವರ್ಷದ ಹಿಂದಿನ ಬಂಧುಗಳಿಗಾಗಿ ಇಷ್ಟು ದೂರ ಬಂದ ಅವರ ಪ್ರೀತಿ ಗೌರವಕ್ಕೆ ತಕ್ಕದ್ದು. ಇದಕ್ಕಿಂತ ಹಳೆಯ ನಿದರ್ಶನವೂ ಪಟ್ಟಣದಲ್ಲಿದೆ: 1782ರಲ್ಲಿ ಸೆರೆಯಲ್ಲೇ ತೀರಿಕೊಂಡ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಗೆ ಅವನ ಬಂಧುವೊಬ್ಬ 1816ರಲ್ಲಿ, ಟಿಪ್ಪುವಿನ ಗೋರಿಯಿರುವ ಗುಂಬಜ್ ಹತ್ತಿರ ಸ್ಮಾರಕ ಕಟ್ಟಿಸಿದ.

ಡಿ ಮ್ಯೂರಾನ್ ದಂಡಿನ ಕಥೆ ಪಟ್ಟಣದಲ್ಲಿ ಮುಗಿಯುವುದಿಲ್ಲ. 1806ರಲ್ಲಿ ಅದು ಭಾರತ ಬಿಟ್ಟಿತು. ಮೆಡಿಟರೇನಿಯನ್‌ನಲ್ಲಿ ಹೊಸ ಭರ್ತಿ ಮಾಡಿಕೊಂಡು 1813ರಲ್ಲಿ ಕೆನಡಕ್ಕೆ ಹೋಯಿತು. 1816ರಲ್ಲಿ ಅಲ್ಲಿಯೇ ವಿಸರ್ಜನೆಯಾಯಿತು. ಬಿಡುಗಡೆಯಾದ ಸೈನಿಕರಲ್ಲಿ ಹಲವರನ್ನು ಲಾರ್ಡ್ ಸೆಲ್ಕರ್ಕ್, ಜಮೀನು ಕೊಡುವ ಭರವಸೆಯ ಮೇಲೆ, ತನ್ನ ರೆಡ್ ರಿವರ್ ವಸಾಹತಿಗೆ ಕರೆದೊಯ್ದ. ಇಂದಿನ ವಿನ್ನಿಪೆಗ್ ನಗರದ ಬಳಿ, ಸೀನ್ ಎಂಬ ಹೊಳೆಯ ದಂಡೆಯಲ್ಲಿ ಅವರು ಹೊಲ ಮಾಡಿದರು. ಆ ಹೊಳೆಯನ್ನು ಜನ ಜರ್ಮನ್ ಕ್ರೀಕ್ ಎಂದೇ ಕರೆದರು. 1821ರಲ್ಲಿ ಅಲ್ಲಿಗೆ ಬಂದ ಸ್ವಿಸ್ ಒಕ್ಕಲು ಕುಟುಂಬಗಳ ಹೆಣ್ಣುಮಕ್ಕಳನ್ನು ಮದುವೆಯಾದರು. 1826ರ ಭಾರಿ ಪ್ರವಾಹದಲ್ಲಿ ಹೊಲಮನೆ ಕೊಚ್ಚಿಹೋದಾಗ ಹೆಚ್ಚಿನವರು ತೆಂಕಲು ಹಿಡಿದು ಅಮೆರಿಕದ ಮಿನೆಸೊಟ, ಇಲಿನಾಯ್ ಸೀಮೆಗಳನ್ನು ಸೇರಿದರು. ಇಲ್ಲಿ ಒಂದು ಎಚ್ಚರಿಕೆ ಬೇಕು: ರೆಡ್ ರಿವರ್‌ನ ‘ಮ್ಯೂರಾನ್’ಗಳೆಲ್ಲ ಶ್ರೀರಂಗಪಟ್ಟಣ ನೋಡಿದವರಲ್ಲ, ಬಹುಪಾಲು ನಂತರ ಸೇರಿದವರು. ರೆಜಿಮೆಂಟಿನ ಹೆಸರು ಒಂದೇ ಎಂದು ಅಜ್ಜನನ್ನು ಟಿಪ್ಪುವಿನ ಯುದ್ಧಕ್ಕೆ ಸೇರಿಸಿಬಿಡದೆ, ಭರ್ತಿಯಾದ ವರ್ಷವನ್ನು ಹಾಜರಿಪಟ್ಟಿಯಲ್ಲಿ ನೋಡಿಯೇ ಮುಂದುವರಿಯಬೇಕು.

ಪಟ್ಟಣದ ದಂಡಿನ ಕುಟುಂಬಗಳ ಜನನ, ಮದುವೆ, ಮರಣದ ದಾಖಲೆಗಳು ಮದರಾಸು ಪ್ರೆಸಿಡೆನ್ಸಿಯ ಚರ್ಚ್ ವರದಿಗಳ ಭಾಗವಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕ್ಯಾಥೊಲಿಕರ ಮಟ್ಟಿಗೆ ಮುಖ್ಯರಾದವರು ಅಬ್ಬೆ ದುಬುವಾ. ಪ್ಯಾರಿಸ್ ವಿದೇಶೀ ಮಿಷನ್ನಿನ ಈ ಪಾದ್ರಿ 1799ರ ನಂತರ ಪಟ್ಟಣಕ್ಕೆ ಬಂದು ಚದುರಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಕೂಡಿಸಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯೊಂದನ್ನು ಏರ್ಪಡಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಗಂಜಾಂ, ಪಾಲಹಳ್ಳಿ ಕಡೆಯ ಕ್ರೈಸ್ತ ಮನೆತನಗಳ ಬೇರು ಹುಡುಕುವವರಿಗೆ ಜ್ಞಾನಸ್ನಾನದ ಪುಸ್ತಕಗಳೇ ಆಧಾರ. ಬಿಳಿಯ ಸೈನಿಕರೊಂದಿಗೆ ಬಾಳಿದ ಇಲ್ಲಿನ ಹೆಂಗಸರು ಆ ಕಾಲದ ಪುಸ್ತಕಗಳಲ್ಲಿ ಕಾಣಿಸಿಕೊಂಡರೂ ಸಾಮಾನ್ಯವಾಗಿ ಒಂದು ಕ್ರೈಸ್ತ ಹೆಸರಾಗಿ ಮಾತ್ರ ಕಾಣುತ್ತಾರೆ. ಅವರ ಅಪ್ಪ ಅಮ್ಮ ಯಾರು, ಊರು ಯಾವುದು ಎಂಬ ಕಲಮು ಖಾಲಿ. ಆ ಹೆಂಗಸರ ತವರೂ ಇದೇ ಸೀಮೆ.

ಒಕ್ಕಲು ಮನೆಗಳ ದಾರಿ

ರೈತ ಕುಟುಂಬಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ನಿಮ್ಮ ಮನೆದೇವರು ಯಾವುದು?’. ವಾಸದ ಊರು ಬದಲಾದರೂ ಮನೆದೇವರು ಬದಲಾಗುವುದಿಲ್ಲ. ಎರಡು ತಾಲ್ಲೂಕು ದಾಟಿ ಹೋಗಿ ಹರಕೆ ಒಪ್ಪಿಸಿ, ಮಗುವಿನ ಮುಡಿ ತೆಗೆಸುವ ಮನೆ, ಆ ಗುಡಿಯ ಸುತ್ತಲಿಂದಲೇ ಹೊರಟದ್ದಿರಬಹುದು. ಆದರೆ ತಿರುಪತಿ, ಮೇಲುಕೋಟೆ, ಆದಿಚುಂಚನಗಿರಿಯಂಥ ದೊಡ್ಡ ಕ್ಷೇತ್ರಗಳಿಗೆ ಬಹಳ ಮನೆಗಳು ಒಕ್ಕಲಾಗಿರುವುದರಿಂದ ಅಷ್ಟರಿಂದಲೇ ಊರು ತೀರ್ಮಾನಿಸಲಾಗದು. ಚಿಕ್ಕ ಊರಿನ ಅಮ್ಮನ ಗುಡಿಯೋ ಬೀರಪ್ಪನ ಗುಡಿಯೋ ಆಗಿದ್ದರೆ ಸುಳಿವು ಗಟ್ಟಿ. ಅದರ ಜೊತೆಗೆ ಬೆಡಗು (ಕುಲದ ಒಳಕವಲು), ದಾಯಾದಿಗಳ ಸೂತಕ ಎಲ್ಲಿಯವರೆಗೆ ಹರಡುತ್ತದೆ ಎಂಬುದನ್ನು ಕೇಳಿದರೆ ಬಳಗದ ಎಲ್ಲೆ ತಿಳಿಯುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನೆರವಿಗೂ ಬರುತ್ತದೆ, ತೊಡಕನ್ನೂ ತರುತ್ತದೆ. ಒಂದೇ ಮನೆಯಲ್ಲಿ ಮೂವರು ಚಿಕ್ಕೇಗೌಡರು ಇದ್ದರೆ ಪಹಣಿಯಲ್ಲಿರುವುದು ಯಾರೆಂದು ಜಮೀನಿನ ಸರ್ವೆ ನಂಬರಿನಿಂದಲೇ ತೀರ್ಮಾನಿಸಬೇಕು. ಬ್ರಾಹ್ಮಣ ಮನೆಗಳಲ್ಲಿ ಶ್ರಾದ್ಧದ ಸಂಕಲ್ಪ ತಂದೆ, ತಾತ, ಮುತ್ತಾತರನ್ನು ಹೆಸರಿಸುತ್ತದೆ. ಅದರಿಂದ ಆಚೆಗೆ ಅದೂ ಮೌನ.

ವಂಶಾವಳಿ ಹೇಳುವುದನ್ನೇ ವೃತ್ತಿ ಮಾಡಿಕೊಂಡವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲು ಮರೆಯಾಗುವಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬಾಗಿಲಿಗೆ ಬಂದು, ಆ ಮನೆಯ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೊಗಳುತ್ತಾರೆ: ಮೂಲಪುರುಷ ಯಾರು, ಎಲ್ಲಿಂದ ಬಂದ, ಯಾವ ಮಗ ಯಾವ ಊರಿಗೆ ಒಡೆದುಹೋದ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ದವಸ, ಬಟ್ಟೆ, ಕೆಲವೊಮ್ಮೆ ಕರು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಈ ವೃತ್ತಿ ಉತ್ತರ ಕರ್ನಾಟಕದಲ್ಲಿ ಹೆಚ್ಚು ಉಳಿದಿದೆ. ವಲಸೆಯನ್ನು ವಂಶದ ಜೊತೆಗೇ ಹೇಳುವುದು ಅವರ ಪಾಠದ ವಿಶೇಷ ಗುಣ. ಸರ್ಕಾರಿ ದಾಖಲೆಯಲ್ಲಿ ಇದು ಇಲ್ಲ.

ಬರಹದ ಕಡೆಗೆ ಬಂದರೆ ಶಾನುಭೋಗರ ಕಡತಗಳು ಮುಖ್ಯ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಗಳಿವು. ಯಾವ ಹೊಲ ಯಾರ ಸಾಗುವಳಿ, ಎಷ್ಟು ಕಂದಾಯ, ಯಾರು ಊರು ಬಿಟ್ಟರು ಎಂಬುದೆಲ್ಲ ಇವುಗಳಲ್ಲಿ ಸಿಗುತ್ತಿತ್ತು. ಒದ್ದೆ ಬಟ್ಟೆ ತಾಗಿದರೆ ಬರಹ ಅಳಿಸಿಹೋಗುವ ಈ ಪುಸ್ತಕಗಳು, ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೆ, ಅಟ್ಟ ಸೇರಿ ಹುಳು ಹಿಡಿದವು. ಯಾರ ಮನೆಯಲ್ಲಾದರೂ ಕಡತ ಉಳಿದಿದ್ದರೆ ಒರೆಸದೆ, ತೊಳೆಯದೆ, ಮೊದಲು ಫೋಟೊ ತೆಗೆಸಬೇಕು. ಕರ್ನಲ್ ಮೆಕೆಂಜಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳೂ (ಊರುಗಳ ವೃತ್ತಾಂತಗಳು), 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ವರದಿಯೂ ಊರುಗಳ ಮಟ್ಟದಲ್ಲಿ ನೆರವಾಗುತ್ತವೆ. ಹತ್ತೊಂಬತ್ತನೇ ಶತಮಾನದ ಇನಾಂ ಮತ್ತು ಸರ್ವೆ ಸೆಟ್ಲ್‌ಮೆಂಟ್ ದಾಖಲೆಗಳಲ್ಲಿ ಕುಟುಂಬಗಳ ಹೆಸರೇ ಬರುತ್ತದೆ.

ಇಂದು ಜನ ವಂಶವೃಕ್ಷ ಬರೆಸುವುದು ನಾಡಕಚೇರಿಯಲ್ಲಿ, ಹೆಚ್ಚಾಗಿ ಪೌತಿ ಖಾತೆಗಾಗಿ. ಸತ್ತ ತಾತನ ಹೆಸರಿನಲ್ಲಿರುವ ಪಹಣಿ ಮಕ್ಕಳ ಹೆಸರಿಗೆ ಬರಬೇಕಾದರೆ ಅದು ಬೇಕೇ ಬೇಕು. ಹಿಂದೆ ಈ ವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆಗಳೇ ಹೆಚ್ಚು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿಗಳು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಮೇಲೆ ಅವರನ್ನು ಬಿಟ್ಟು ಬರೆಯುವುದು ಕಷ್ಟವಾಯಿತು. ಮದುವೆಯಾಗಿ ಊರು ಬಿಟ್ಟ ಅತ್ತೆಯರು, ಅಕ್ಕತಂಗಿಯರು ಹೀಗೆ ಕಾನೂನಿನ ಬಲದಿಂದ ವಂಶಾವಳಿಗೆ ಮರಳುತ್ತಿದ್ದಾರೆ. ವಂಶಶೋಧನೆಗೆ ಇತ್ತೀಚೆಗೆ ಆದ ದೊಡ್ಡ ಲಾಭ ಇದೇ.

ನೀರು ನುಂಗಿದ ಊರುಗಳು, ಮುಂಬಯಿ ಸೇರಿದವರು

ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಸುಮಾರು ಎರಡು ದಶಕ ನಡೆಯಿತು. ಸಾವಿರಾರು ಕೂಲಿಗಳು ಬಂದರು; ತಮಿಳು ಸೀಮೆಯಿಂದ ಬಂದವರಲ್ಲಿ ಕೆಲವರು ಇಲ್ಲೇ ನಿಂತರು. ಮುಳುಗಡೆಯಾದ ಹಳ್ಳಿಗಳವರು ಗಂಟುಮೂಟೆ ಕಟ್ಟಿ ಎತ್ತರದ ಜಾಗಗಳಿಗೆ ಹೋಗಿ, ಹಳೆಯ ಹೆಸರಿಗೇ ‘ಹೊಸ’ ಎಂದು ಸೇರಿಸಿ ಊರು ಕಟ್ಟಿಕೊಂಡರು. ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತಿತ್ತು. ಅದರ ಕಲ್ಲುಗಳನ್ನು ಈ ಶತಮಾನದಲ್ಲಿ ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಗೆ ಸಾಗಿಸಿ ಮತ್ತೆ ಕಟ್ಟಿದ್ದಾರೆ. ಈ ಕುಟುಂಬಗಳ ಹಳೆಯ ಜಮೀನನ್ನು ಪರಿಹಾರದ ಕಡತಗಳಲ್ಲಿ ಹುಡುಕಬೇಕು, ಇಂದಿನ ಪಹಣಿಯಲ್ಲಿ ಆ ಸರ್ವೆ ನಂಬರುಗಳಿಲ್ಲ.

ನಾಲೆ ನೀರು ಮಂಡ್ಯ, ಮದ್ದೂರಿನ ಕಡೆ ಹರಿಯಿತು. ಕೃಷ್ಣರಾಜಪೇಟೆ, ನಾಗಮಂಗಲಗಳ ಒಣಭೂಮಿಯ ಮಕ್ಕಳು ಕೂಲಿ ಹುಡುಕಿ ಬೆಂಗಳೂರಿಗೂ ಮುಂಬಯಿಗೂ ಹೋದರು. ಮುಂಬಯಿಯಲ್ಲಿ ಹೋಟೆಲು, ಟ್ಯಾಕ್ಸಿ, ಸಣ್ಣ ವ್ಯಾಪಾರಗಳಲ್ಲಿ ನಿಂತ ಈ ದೊಡ್ಡ ಬಳಗ ರಾಜ್ಯದ ಕಣ್ಣಿಗೆ ಬಿದ್ದದ್ದು 2020ರ ಮೇ ತಿಂಗಳಲ್ಲಿ. ಕೊರೊನಾ ಕಾಲದ ಆ ದಿನಗಳಲ್ಲಿ ಸಾವಿರಾರು ಜನ ಕೃಷ್ಣರಾಜಪೇಟೆ ತಾಲ್ಲೂಕಿಗೆ, ಅದರಲ್ಲೂ ಸಂತೇಬಾಚಹಳ್ಳಿ ಹೋಬಳಿಗೆ ಮರಳಿದರು. ಶಾಲೆ ಹಾಸ್ಟೆಲುಗಳಲ್ಲಿ ಅವರನ್ನು ಇರಿಸಿದಾಗ ಅಧಿಕಾರಿಗಳು ಬರೆದುಕೊಂಡ ಪಟ್ಟಿಗಳಲ್ಲಿ ಮುಂಬಯಿಯ ವಿಳಾಸ, ಇಲ್ಲಿನ ಊರು, ಮನೆಯ ಹಿರಿಯರ ಹೆಸರು ಒಟ್ಟಿಗೇ ಇದ್ದಿರಬಹುದು. ವೈಯಕ್ತಿಕ ಮಾಹಿತಿಯಾದ್ದರಿಂದ ಅವು ಬಹಿರಂಗವಾಗುವುದು ಸಲ್ಲದು. ಅವುಗಳ ಬದಲಿಗೆ ಆಯಾ ಕುಟುಂಬಗಳೇ ಇಟ್ಟುಕೊಂಡಿರುವ ರೇಷನ್ ಕಾರ್ಡು, ಮುಂಬಯಿಯ ಕನ್ನಡ ಶಾಲೆಗಳ ವರ್ಗಾವಣೆ ಪತ್ರ, ಊರಹಬ್ಬಕ್ಕೆ ಕಳಿಸಿದ ಚಂದಾದ ರಸೀತಿ, ಗುಡಿಯ ಗೋಡೆಗೆ ಹಾಕಿಸಿದ ದಾನಿಗಳ ಕಲ್ಲುಫಲಕಗಳನ್ನು ಒಟ್ಟುಮಾಡಿದರೆ ಈ ಹೊಸ ವಲಸೆಯ ಮೊದಲ ತಲೆಮಾರಿನ ಚರಿತ್ರೆಯನ್ನು, ಅದನ್ನು ಬಾಳಿದವರ ಬಾಯಿಂದಲೇ ಕೇಳಿ ಬರೆಯಲು ಇನ್ನೂ ಸಾಧ್ಯವಿದೆ.